ನಾಳೆ ಬಂದಿಳಿಯುವವನಿಗೆ ಜಾಗ



ಈ ವರ್ಷದ ಉಪನ್ಯಾಸಕ್ಕೆ ಸಂಘದ ಗೆಳೆಯರು ಗೊತ್ತುಪಡಿಸಿರುವ ವಿಷಯ ‘ಬೆಳೆಯುತ್ತಿರುವ ಮಹಾನಗರಗಳು ಮತ್ತು ನಾವು’. ಇದರಲ್ಲಿ ಮಹಾನಗರಗಳ ಕುರಿತು ಮಾತನಾಡಲು ತಜ್ಞರು ಬೇಕಾದಷ್ಟು ಜನ ಇದ್ದಾರೆ. ‘ನಾವು’ ಎಂಬುದರ ಕುರಿತು ಮಾತನಾಡಲು ಮಾತ್ರ ಯಾರೂ ಮುಂದೆ ಬರುವುದಿಲ್ಲ. ನಾನು ವಾಸ್ತುಶಿಲ್ಪಿಯಲ್ಲ, ನಗರಯೋಜಕನೂ ಅಲ್ಲ. ಹಗಲು ಕಚೇರಿಯಲ್ಲಿ ಗುಮಾಸ್ತಿಕೆ, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಪಾಠ, ಹೀಗೆ ನಲವತ್ತು ವರ್ಷ ಮುಂಬಯಿಯಲ್ಲಿ ಕಳೆದವನು. ಆದ್ದರಿಂದ ಮುಂಬಯಿಯೊಂದನ್ನೇ ಹಿಡಿದು ಮಾತನಾಡುತ್ತೇನೆ. ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳ ಬಂಧುಗಳು ತಮ್ಮ ತಮ್ಮ ಊರಿನ ಹೆಸರುಗಳನ್ನು ಅಲ್ಲಲ್ಲಿ ಸೇರಿಸಿಕೊಂಡು ಕೇಳಬೇಕೆಂದು ವಿನಂತಿ.

ನಗರವೊಂದು ವಾಸಯೋಗ್ಯವೆ ಅಲ್ಲವೆ ಎಂದು ಹೇಳಲು ಈಗ ಹಲವು ಸೂಚ್ಯಂಕಗಳು ಬಂದಿವೆ. ಉದ್ಯಾನಗಳ ವಿಸ್ತೀರ್ಣ, ಗಾಳಿಯ ಶುದ್ಧತೆ, ರಸ್ತೆಯ ಅಗಲ ಮುಂತಾದುವನ್ನು ಕೂಡಿಸಿ ಅಂಕ ಕೊಡುತ್ತಾರೆ. ನನ್ನ ಅಳತೆಗೋಲು ಅದಕ್ಕಿಂತ ಒರಟಾದದ್ದು. ನಾಳೆ ಬೆಳಿಗ್ಗೆ ದಾದರ್ ಸ್ಟೇಷನ್ನಿನಲ್ಲಿ ಒಂದು ಚೀಲ ಹಿಡಿದು ಇಳಿಯುವ ಹುಡುಗನಿಗೆ, ಕೆಲಸ ಸಿಗುವ ಜಾಗದಿಂದ ನಡೆದು ಹೋಗುವಷ್ಟು ದೂರದಲ್ಲಿ, ಕಾನೂನಿಗೆ ಹೆದರದೆ, ತನ್ನ ದುಡಿಮೆಯಲ್ಲಿ ಬಾಡಿಗೆ ಕೊಟ್ಟು ಮಲಗುವುದಕ್ಕೆ ಜಾಗ ಸಿಗುತ್ತದೆಯೆ? ಸಿಗುವುದಾದರೆ ಆ ನಗರದಲ್ಲಿ ಉಳಿದವರೂ ಬಾಳಬಹುದು. ಸಿಗದಿದ್ದರೆ ಅವನು ಚರಂಡಿಯ ಮೇಲೋ ನದಿಯ ದಡದಲ್ಲೋ ಗುಡ್ಡದ ಇಳಿಜಾರಿನಲ್ಲೋ ನಾಲ್ಕು ತಗಡು ಕಟ್ಟಿಕೊಳ್ಳುತ್ತಾನೆ. ಆಗ ನಾವು ಅದಕ್ಕೆ ‘ಕೊಳಚೆ ಸಮಸ್ಯೆ’ ಎಂದು ಹೆಸರಿಟ್ಟು ವಿಚಾರಸಂಕಿರಣ ನಡೆಸುತ್ತೇವೆ. 2011ರ ಜನಗಣತಿಯ ಪ್ರಕಾರ ಬೃಹನ್ಮುಂಬಯಿಯ 1.24 ಕೋಟಿ ಜನರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಇಂಥ ವಸತಿಗಳಲ್ಲಿದ್ದರು. ಇಷ್ಟೊಂದು ಜನ ಒಂದು ನಗರದ ‘ಸಮಸ್ಯೆ’ ಆಗಿರುವುದು ಸಾಧ್ಯವಿಲ್ಲ. ಅವರೇ ಆ ನಗರ.

ಮುಂಬಯಿ ಕನ್ನಡಿಗರಿಗೆ ಮಾಟುಂಗವೆಂದರೆ ತವರಿನ ಹಾಗೆ. 1926ರ ಮೈಸೂರು ಅಸೋಸಿಯೇಷನ್ ಅಲ್ಲಿದೆ. 1933ರ ಕರ್ನಾಟಕ ಸಂಘ ರೈಲುಹಳಿಯ ಆಚೆ ಬದಿಗಿದೆ. ನೆರಳಿನ ರಸ್ತೆ, ಐದು ತೋಟಗಳು, ಹತ್ತು ಹೆಜ್ಜೆಗೆ ಮಾರುಕಟ್ಟೆ, ನಡೆದೇ ಹೋಗಬಹುದಾದ ಶಾಲೆ, ಉಡುಪಿಯವರ ಹೋಟೆಲು. ಈ ಸೌಖ್ಯ ತಾನಾಗಿ ಹುಟ್ಟಿದ್ದಲ್ಲ. 1896ರಲ್ಲಿ ಮಾಂಡ್ವಿಯಲ್ಲಿ ಪ್ಲೇಗು ಕಾಣಿಸಿಕೊಂಡು ಊರು ಖಾಲಿಯಾಗತೊಡಗಿದಾಗ ಬೆದರಿದ ಸರಕಾರ 1898ರಲ್ಲಿ ಬಾಂಬೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟನ್ನು ಸ್ಥಾಪಿಸಿತು. ದಾದರ್, ಮಾಟುಂಗ, ವಡಾಲ, ಸಾಯನ್ ಪ್ರದೇಶಗಳ ಭೂಮಿಯನ್ನು ಟ್ರಸ್ಟು ಒಟ್ಟಾಗಿ ವಶಪಡಿಸಿಕೊಂಡು, ಮೊದಲು ರಸ್ತೆ, ಚರಂಡಿ, ತೋಟಗಳನ್ನು ಗುರುತಿಸಿ, ಬಳಿಕ ನಿವೇಶನಗಳನ್ನು ಗುತ್ತಿಗೆಗೆ ಕೊಟ್ಟಿತು. ಮೊದಲು ಮನೆ ಕಟ್ಟಿ ಆಮೇಲೆ ಚರಂಡಿ ಹುಡುಕುವುದು ಈಚಿನ ಪದ್ಧತಿ. ಅಂದಿನವರಿಗೆ ಅಷ್ಟು ಧೈರ್ಯ ಇರಲಿಲ್ಲವೆಂದು ತೋರುತ್ತದೆ.

ಆದರೆ ಇದೇ ಟ್ರಸ್ಟಿನ ಇನ್ನೊಂದು ಮುಖವನ್ನೂ ನೋಡಬೇಕು. ಹಳೆಯ ಪೇಟೆಯಲ್ಲಿ ಅದು ಕೆಡವಿದ ಬಡವರ ಮನೆಗಳು ಕಟ್ಟಿಕೊಟ್ಟವುಗಳಿಗಿಂತ ಹೆಚ್ಚು. ಮನೆ ಕಳೆದುಕೊಂಡವರು ಪಕ್ಕದ ಗಲ್ಲಿಗೆ ಹೋಗಿ ಅಲ್ಲಿನ ಇಕ್ಕಟ್ಟನ್ನು ಇಮ್ಮಡಿಗೊಳಿಸಿದರು. ಒಂದೇ ಸಂಸ್ಥೆ, ಒಂದೇ ಕಾನೂನು: ಗುಮಾಸ್ತನಿಗೆ ಮಾಟುಂಗ, ಹಮಾಲನಿಗೆ ಗಲ್ಲಿ. 1920ರ ದಶಕದಲ್ಲಿ ವರಳಿ, ನಾಯಗಾಂವ್‌ಗಳಲ್ಲಿ ಕಟ್ಟಿದ ಬಿಡಿಡಿ ಚಾಳುಗಳಲ್ಲಿ ಒಂದು ಖೋಲಿಯ ವಿಸ್ತೀರ್ಣ ಸುಮಾರು 160 ಚದರಡಿ. ಅದರಲ್ಲಿ ಒಂದು ಸಂಸಾರ, ಜೊತೆಗೆ ಊರಿನಿಂದ ಬಂದ ಇಬ್ಬರೋ ಮೂವರೋ.

ಆದರೂ ಆ ಖೋಲಿ ಇತ್ತು ಎಂಬುದೇ ನನ್ನ ಮಾತಿನ ಮುಖ್ಯಾಂಶ. ತೆಂಕಣ ಕರಾವಳಿಯಿಂದ ಹಡಗಿನಲ್ಲೋ ಬಸ್ಸಿನಲ್ಲೋ ಬಂದ ನಮ್ಮ ಹುಡುಗರಿಗೆ ಹೋಟೆಲಿನಲ್ಲಿ ಕೊನೆಯ ಗಿರಾಕಿ ಎದ್ದ ಮೇಲೆ ಮೇಜುಗಳನ್ನು ಸರಿಸಿದರೆ ಹಾಸಿಗೆ ಬಿಡಿಸುವಷ್ಟು ನೆಲ ಸಿಗುತ್ತಿತ್ತು. ಗಿರಣಿ ಕಾರ್ಮಿಕರು ಹತ್ತು ಹನ್ನೆರಡು ಮಂದಿ ಕೂಡಿ ಒಂದು ಖೋಲಿ ಹಿಡಿಯುತ್ತಿದ್ದರು. ರಾತ್ರಿಪಾಳಿಯವನು ಎದ್ದು ಹೋದ ಚಾಪೆಯ ಮೇಲೆ ಹಗಲುಪಾಳಿಯವನು ಮಲಗುತ್ತಿದ್ದ. ಊಟಕ್ಕೆ ಖಾನಾವಳಿ, ಲೆಕ್ಕ ತಿಂಗಳ ಕೊನೆಗೆ. ಖಾನಾವಳಿ ನಡೆಸುತ್ತಿದ್ದ ಹೆಂಗಸರು ಸಾಲಗಾರರ ಬಡ್ಡಿಗೆ ಸಿಕ್ಕಿ ಒದ್ದಾಡುತ್ತಿದ್ದುದನ್ನು ಕಂಡ ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ ಬ್ಯಾಂಕಿನ ಸಾಲ ಕೊಡಿಸಿದರು. ಸಂಜೆಯಾದರೆ ರಾತ್ರಿಶಾಲೆ. ನನ್ನ ತರಗತಿಯಲ್ಲಿ ಹುಡುಗರು ಮುಂದಿನ ಬೆಂಚಿನಲ್ಲೇ ನಿದ್ದೆ ಹೋಗುತ್ತಿದ್ದರು. ಎಬ್ಬಿಸಬೇಕೆ, ಬಿಡಬೇಕೆ ಎಂಬುದು ಆ ವೃತ್ತಿಯ ನಿತ್ಯದ ಧರ್ಮಸಂಕಟ. ನಾನು ಸಾಮಾನ್ಯವಾಗಿ ವ್ಯಾಕರಣದ ಹೊತ್ತಿನಲ್ಲಿ ಮಲಗಲು ಬಿಟ್ಟು ಲೆಕ್ಕದ ಹೊತ್ತಿಗೆ ಎಬ್ಬಿಸುತ್ತಿದ್ದೆ.

ಇದನ್ನು ಹೊಗಳುವುದಕ್ಕಾಗಿ ಹೇಳುತ್ತಿಲ್ಲ. ಹನ್ನೆರಡರ ಹುಡುಗ ಹದಿನಾಲ್ಕು ಗಂಟೆ ಲೋಟ ತೊಳೆಯುವುದು ಅನ್ಯಾಯ. ನಮ್ಮ ಸ್ಮರಣಸಂಚಿಕೆಗಳು ಅದನ್ನು ‘ಪರಿಶ್ರಮದ ಗಾಥೆ’ ಎಂದು ಬಣ್ಣಿಸಿದ್ದು ಸಾಕು. ನಾನು ಹೇಳುವುದು ಇಷ್ಟೆ. ಬರಿಗೈಯಲ್ಲಿ ಬಂದವನು ಕಾಲೂರುವುದಕ್ಕೆ ಆ ನಗರದಲ್ಲಿ ಒಂದರ ಮೇಲೊಂದು ಮೆಟ್ಟಿಲುಗಳಿದ್ದವು: ಅಗ್ಗದ ಮಲಗುವ ಜಾಗ, ಸಾಲದ ಊಟ, ಪುಕ್ಕಟೆ ಶಾಲೆ, ರೈಲಿನ ತಿಂಗಳ ಪಾಸು. ಇವುಗಳಲ್ಲಿ ಮೊದಲನೆಯ ಮೆಟ್ಟಿಲನ್ನು ಕಿತ್ತುಹಾಕಿದ ಕಥೆ ಗಿರಣಗಾಂವಿನ ಕಥೆ.

1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಅದು ಎಂದು ಮುಗಿಯಿತೆಂದು ಯಾರೂ ಹೇಳಲಾರರು; ಅಧಿಕೃತವಾಗಿ ಹಿಂತೆಗೆದುಕೊಳ್ಳದೆಯೇ ಅದು ಸವೆದುಹೋಯಿತು. ಗಿರಣಿಗಳು ಒಂದೊಂದಾಗಿ ನಿಂತವು. ಉಳಿದದ್ದು ಭೂಮಿ: ದ್ವೀಪನಗರದ ನಟ್ಟನಡುವೆ ಪರೇಲ್, ಲಾಲ್‌ಬಾಗ್, ವರಳಿಗಳಲ್ಲಿ ಸುಮಾರು ಆರುನೂರು ಎಕರೆ. ಇಷ್ಟು ಇಕ್ಕಟ್ಟಾದ ಊರಿಗೆ ನಡುಹೃದಯದಲ್ಲಿ ಆರುನೂರು ಎಕರೆ ಬಿಡುವಾಗುವುದೆಂದರೆ ನೂರು ವರ್ಷಕ್ಕೊಮ್ಮೆ ಒದಗುವ ಭಾಗ್ಯ. 1991ರ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯ 58ನೆಯ ನಿಯಮ ಈ ಭಾಗ್ಯವನ್ನು ಮೂರು ಪಾಲು ಮಾಡಿತು. ಗಿರಣಿಯ ಭೂಮಿಯನ್ನು ಹೊಸದಾಗಿ ಬಳಸುವುದಾದರೆ ಸ್ಥೂಲವಾಗಿ ಒಂದು ಪಾಲು ನಗರಪಾಲಿಕೆಗೆ, ಆಟದ ಮೈದಾನ, ತೋಟಗಳಿಗಾಗಿ; ಒಂದು ಪಾಲು ಗೃಹನಿರ್ಮಾಣ ಮಂಡಳಿಗೆ, ಬಡವರ ಮನೆಗಳಿಗಾಗಿ; ಉಳಿದ ಪಾಲು ಮಾಲಿಕನಿಗೆ. 1996ರಲ್ಲಿ ಸರಕಾರ ಚಾರ್ಲ್ಸ್ ಕೊರಿಯಾ ಅವರ ಅಧ್ಯಕ್ಷತೆಯಲ್ಲಿ ಒಂದು ಅಧ್ಯಯನ ತಂಡವನ್ನೂ ನೇಮಿಸಿತು. ಗಿರಣಿಗಳನ್ನು ಬಿಡಿಬಿಡಿಯಾಗಿ ನೋಡದೆ ಎಲ್ಲ ಭೂಮಿಯನ್ನೂ ಒಂದಾಗಿ ಕಂಡು ಯೋಜಿಸಬೇಕು ಎಂಬುದು ಆ ತಂಡದ ದೃಷ್ಟಿ. ಮಾಟುಂಗದಲ್ಲಿ ನೂರು ವರ್ಷಗಳ ಹಿಂದೆ ಮಾಡಿದ್ದೂ ಅದನ್ನೇ.

2001ರಲ್ಲಿ ಆ ನಿಯಮಕ್ಕೆ ಒಂದು ತಿದ್ದುಪಡಿ ಬಂತು. ಓದಿದರೆ ಏನೂ ಅಲ್ಲವೆನ್ನಿಸುವ ತಿದ್ದುಪಡಿ. ಪಾಲು ಲೆಕ್ಕಹಾಕಬೇಕಾದದ್ದು ಇಡೀ ಗಿರಣಿಯ ಭೂಮಿಯ ಮೇಲಲ್ಲ, ಕಟ್ಟಡವಿಲ್ಲದೆ ಖಾಲಿ ಇರುವ ಜಾಗದ ಮೇಲೆ ಮಾತ್ರ ಎಂದು. ಗಿರಣಿ ಎಂದರೆ ಬಹುಪಾಲು ಕಟ್ಟಡವೇ. ಕಟ್ಟಡವನ್ನು ಕೆಡವಿದರೂ ಅದರ ಅಡಿಯ ನೆಲ ಲೆಕ್ಕಕ್ಕೆ ಬಾರದು. ಸಾರ್ವಜನಿಕರ ಪಾಲಿಗೆ ನೂರರ ಲೆಕ್ಕದಲ್ಲಿ ಬರಬೇಕಾಗಿದ್ದ ಎಕರೆಗಳು ಹತ್ತರ ಲೆಕ್ಕಕ್ಕೆ ಇಳಿದವು. ನಾಗರಿಕರು ಉಚ್ಚ ನ್ಯಾಯಾಲಯಕ್ಕೆ ಹೋದರು, 2005ರಲ್ಲಿ ಗೆದ್ದರು. 2006ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಒಂದು ವಾಕ್ಯದ ವ್ಯಾಕರಣದಿಂದ ಒಂದು ನಗರದ ಭವಿಷ್ಯ ಬದಲಾಗುವುದನ್ನು ಕಂಡ ಮೇಲೆ, ವ್ಯಾಕರಣದ ಹೊತ್ತಿನಲ್ಲಿ ಹುಡುಗರನ್ನು ಮಲಗಲು ಬಿಡಬಾರದೆಂದು ನಾನು ಕಿರಿಯ ಮೇಷ್ಟರುಗಳಿಗೆ ಹೇಳತೊಡಗಿದೆ.

ಮನೆಗಾಗಿ ಅರ್ಜಿ ಹಾಕಿದ ಗಿರಣಿ ಕಾರ್ಮಿಕರೂ ಅವರ ವಾರಸುದಾರರೂ ಒಂದೂವರೆ ಲಕ್ಷಕ್ಕೂ ಹೆಚ್ಚು. ಅವರಲ್ಲಿ ಮನೆ ಸಿಕ್ಕವರು ಸಣ್ಣದೊಂದು ಪಾಲು. ಉಳಿದವರಿಗೆ ಕರ್ಜತ್ ದಾರಿಯ ಶೇಲು, ವಾಂಗಣಿಗಳಲ್ಲಿ ಮನೆ ಕೊಡುವ ಯೋಜನೆ ಹೊರಟಾಗ, 2025ರ ಜುಲೈಯಲ್ಲಿ ಮುದುಕರು ಮುದುಕಿಯರು ಆಜಾದ್ ಮೈದಾನಕ್ಕೆ ಬಂದು, ತಮಗೆ ಮುಂಬಯಿಯಲ್ಲೇ ಮನೆ ಬೇಕೆಂದು ಕೇಳಿದರು. ಅವರ ಬೇಡಿಕೆ ದುರಾಸೆಯೆಂದು ನಮ್ಮಲ್ಲೇ ಕೆಲವರು ಹೇಳಿದ್ದನ್ನು ಕೇಳಿದ್ದೇನೆ. ಮನೆಯೆಂದರೆ ನಾಲ್ಕು ಗೋಡೆ ಮಾತ್ರವಾಗಿದ್ದರೆ ಆ ಮಾತು ಸರಿ. ಮನೆಯೆಂದರೆ ದುಡಿಮೆ, ಆಸ್ಪತ್ರೆ, ಮಕ್ಕಳ ಶಾಲೆಗಳಿಗೆ ಇರುವ ದೂರವೂ ಹೌದು.

ಆ ಭೂಮಿಯಲ್ಲಿ ಬಂದದ್ದು ಕಚೇರಿಗಳು, ಗಾಜಿನ ಗೋಪುರಗಳು, ಮಾಲುಗಳು. ಬರಬಾರದೆಂದಲ್ಲ, ನಮ್ಮ ಮಕ್ಕಳೇ ಅಲ್ಲಿ ಕೆಲಸಕ್ಕಿದ್ದಾರೆ. ಆದರೆ ಸಾವಿರಾರು ಜನರನ್ನು ಹೊಸದಾಗಿ ಅಲ್ಲಿಗೆ ಕರೆತಂದವರು, ಅವರು ರೈಲಿನಿಂದ ಇಳಿದು ನಡೆಯುವ ಸೇತುವೆಯನ್ನು ಮರೆತರು. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಮಳೆ ಬರುತ್ತಿತ್ತು. ಎಲ್ಫಿನ್‌ಸ್ಟನ್ ರೋಡ್ ಮತ್ತು ಪರೇಲ್ ಸ್ಟೇಷನ್ನುಗಳನ್ನು ಸೇರಿಸುವ ಇಕ್ಕಟ್ಟಾದ ಕಾಲುಸೇತುವೆಯ ಮೆಟ್ಟಿಲಲ್ಲಿ ನೂಕುನುಗ್ಗಲಾಗಿ 23 ಮಂದಿ ಸತ್ತರು. ಕಚೇರಿಗೆ ಹೊರಟವರು, ಹೂವು ಮಾರುವವರು. ಮರುವರ್ಷದ ಫೆಬ್ರವರಿಯೊಳಗೆ ಸೈನ್ಯದವರು ಬಂದು ಹೊಸ ಸೇತುವೆ ಕಟ್ಟಿಕೊಟ್ಟರು. ಕೆಲವೇ ತಿಂಗಳಲ್ಲಿ ಆಗುವ ಕೆಲಸ ಅದು. ನಗರಯೋಜನೆ ಎಂಬ ದೊಡ್ಡ ಶಬ್ದಕ್ಕೆ ನಾನು ಕೊಡುವ ಅರ್ಥ ಆ ಸೇತುವೆಯಷ್ಟೇ ಅಗಲವಾದದ್ದು. ಹತ್ತು ಸಾವಿರ ಜನರಿಗೆ ಕಚೇರಿ ಕಟ್ಟಲು ಅನುಮತಿ ಕೊಡುವಾಗ ಅವರು ನಡೆಯುವ ದಾರಿಯನ್ನೂ ಅದೇ ಕಾಗದದ ಮೇಲೆ ಬರೆಯಬೇಕು.

ದಾರಿಯ ಮಾತು ಬಂದದ್ದರಿಂದ ಹೇಳುತ್ತೇನೆ. 2024ರಿಂದ ತೆರೆದ ಕರಾವಳಿ ರಸ್ತೆಗೆ ಹದಿಮೂರು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಖರ್ಚಾಗಿದೆ. ಅದೇ ಅವಧಿಯಲ್ಲಿ ಬೆಸ್ಟ್ ಬಸ್ಸುಗಳ ಸಂಖ್ಯೆ ಇಳಿಯುತ್ತ ಬಂದಿತು. 2025ರ ಮೇಯಲ್ಲಿ ಕನಿಷ್ಠ ಟಿಕೆಟು ಐದು ರೂಪಾಯಿಯಿಂದ ಹತ್ತಕ್ಕೇರಿತು. ದಿಲ್ಲಿಯಲ್ಲಿ 2019ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ, ಕರ್ನಾಟಕದಲ್ಲಿ 2023ರಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆಯಾದಾಗ ಹೀಯಾಳಿಸಿದವರು ಬಹಳ. ಮನೆಗೆಲಸದ ಹೆಂಗಸಿಗೆ ಬಸ್ಸಿನ ಹಣ ಉಳಿದರೆ ಎರಡು ಮೈಲಿ ಆಚೆಯ ಹೆಚ್ಚು ಸಂಬಳದ ಮನೆ ಹಿಡಿಯಬಹುದು. ನಗರದ ಬಾಗಿಲು ಅವಳಿಗೆ ಅಷ್ಟು ತೆರೆದಂತೆ.

ಇನ್ನು ನೀರಿನ ವಿಷಯ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಅದೇ ದಿನ ಕೊಲಾಬಾದಲ್ಲಿ ಬಿದ್ದದ್ದು 74 ಮಿಲಿಮೀಟರಿನ ಆಸುಪಾಸು. ಮಳೆ ದೇವರ ಕೈಯಲ್ಲಿದೆ. ಆದರೆ ವಿಹಾರ ಮತ್ತು ಪವಾಯಿ ಕೆರೆಗಳ ಕೋಡಿ ನೀರನ್ನು ಮಾಹಿಮಿನ ಕೊಲ್ಲಿಗೆ ಒಯ್ಯುವ ಮೀಠಿ ನದಿಯನ್ನು ವಿಮಾನ ನಿಲ್ದಾಣದ ಅಡಿಗೆ ತೂರಿಸಿದ್ದು, ಅದರ ಬಾಯಿಯ ಜವುಗುನೆಲವನ್ನು ತುಂಬಿ ಬಾಂದ್ರಾ–ಕುರ್ಲಾ ಸಂಕೀರ್ಣ ಕಟ್ಟಿದ್ದು ಮನುಷ್ಯರು. ಬ್ರಿಟಿಷರ ಕಾಲದ ಚರಂಡಿಗಳು ಗಂಟೆಗೆ 25 ಮಿಲಿಮೀಟರ್ ಮಳೆಗೆಂದು ರಚಿತವಾದವು. ಅವನ್ನು ಬದಲಿಸಬೇಕೆಂಬ ವರದಿ 1993ರಲ್ಲೇ ಸಿದ್ಧವಾಗಿತ್ತು. ಪ್ರಳಯ ಬಂದ ಮೇಲೆ ಅದನ್ನು ಹುಡುಕಿ ಧೂಳು ಕೊಡವಿದರು. ಪ್ರಳಯದ ಬಳಿಕ ಎಲ್ಲರ ಬೆರಳೂ ಮೊದಲು ತೋರಿಸಿದ್ದು ನದಿಯ ದಡದ ಗುಡಿಸಲುಗಳನ್ನು. ರನ್‌ವೇಯನ್ನು ಯಾರೂ ಒತ್ತುವರಿ ಎನ್ನಲಿಲ್ಲ. ಆ ಗುಡಿಸಲಿನವನು ದಡದಲ್ಲಿದ್ದದ್ದು ನೀರಿನ ಮೇಲಿನ ಪ್ರೀತಿಯಿಂದಲ್ಲ. ಗಿರಣಗಾಂವಿನಲ್ಲಿ ಅವನ ಪಾಲಿಗೆಂದು ಬರೆದಿಟ್ಟಿದ್ದ ನೆಲ ಆಗಲೇ ಕೈತಪ್ಪುತ್ತಿತ್ತು. ವಸತಿಯ ಪ್ರಶ್ನೆ, ಪರಿಸರದ ಪ್ರಶ್ನೆ ಎಂದು ಎರಡು ಕಡತ ಮಾಡಿಟ್ಟುಕೊಂಡಿರುವವರಿಗೆ ಈ ಸಂಬಂಧ ಕಾಣುವುದಿಲ್ಲ.

ಈಗ ‘ನಾವು’ ಎಂಬ ಭಾಗಕ್ಕೆ ಬರುತ್ತೇನೆ. ಇಷ್ಟು ಹೊತ್ತು ತಲೆದೂಗಿದವರು ಇಲ್ಲಿ ಸ್ವಲ್ಪ ಮುನಿಸಿಕೊಳ್ಳಬಹುದು.

ಹೋಟೆಲಿನ ನೆಲದ ಮೇಲೆ ಮಲಗಿದ್ದ ತಲೆಮಾರು ಈಗ ಸಹಕಾರಿ ಗೃಹಸಂಘಗಳ ಆಡಳಿತ ಮಂಡಳಿಗಳಲ್ಲಿದೆ. ಕಟ್ಟಡದ ಎದುರಿನ ತರಕಾರಿಯವಳನ್ನು ಎಬ್ಬಿಸಬೇಕೆಂದು ವಾರ್ಡ್ ಕಚೇರಿಗೆ ಹೋಗುವ ಅರ್ಜಿಗಳ ಕೆಳಗೆ ನಮ್ಮವರ ರುಜುಗಳನ್ನೂ ನಾನು ನೋಡಿದ್ದೇನೆ. ಮನೆಗೆಲಸದವರಿಗೆ ಬೇರೆ ಲಿಫ್ಟು, ಬ್ರಹ್ಮಚಾರಿಗಳಿಗೆ ಬಾಡಿಗೆಗಿಲ್ಲ, ಇಂಥ ಊಟದವರಿಗೆ ಇಲ್ಲ, ಅಂಥ ಹೆಸರಿನವರಿಗೆ ಇಲ್ಲ. 1985ರಲ್ಲಿ ಓಲ್ಗಾ ಟೆಲಿಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ಬದುಕುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆಯೆಂದು ಸಾರಿತು. ಅದು ಮುಂಬಯಿಯ ಕಾಲುದಾರಿಯಲ್ಲಿ ಮಲಗುವವರ ಮೊಕದ್ದಮೆ. ತೆರವುಗೊಳಿಸುವುದನ್ನು ನ್ಯಾಯಾಲಯ ನಿಷೇಧಿಸಲಿಲ್ಲ, ನಿಜ. ಆದರೆ ಅವರೂ ಕಾನೂನಿನ ಮುಂದೆ ನಿಂತು ವಾದಿಸಬಲ್ಲ ಮನುಷ್ಯರೆಂದು ಒಪ್ಪಿತು. 2014ರ ಬೀದಿ ವ್ಯಾಪಾರಿಗಳ ಕಾನೂನು ಇನ್ನೂ ಮುಂದೆ ಹೋಗಿ, ನಗರ ವ್ಯಾಪಾರ ಸಮಿತಿಗಳಲ್ಲಿ ನೂರಕ್ಕೆ ನಲವತ್ತು ಸ್ಥಾನ ವ್ಯಾಪಾರಿಗಳಿಗೇ ಇರಬೇಕೆಂದಿತು. ಕಾನೂನು ಮುಂದೆ ಹೋದ ಜಾಗದಲ್ಲಿ ನಮ್ಮ ಗೃಹಸಂಘಗಳು ಹಿಂದುಳಿದಿವೆ.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಮುಂಬಯಿ, ಪುಣೆಗಳಲ್ಲಿ ಬೆಳಿಗ್ಗೆ ಏಳು ಗಂಟೆಗೆ ಯಾವುದೇ ನಾಕಾಕ್ಕೆ ಹೋಗಿ ನೋಡಿ. ಕೂಲಿಗಾಗಿ ಕಾಯುತ್ತ ನಿಂತ ಗುಂಪಿನಲ್ಲಿ ಕಲಬುರಗಿ, ವಿಜಯಪುರ, ಯಾದಗಿರಿಯ ಕನ್ನಡ ಕಿವಿಗೆ ಬೀಳುತ್ತದೆ. ನಮ್ಮ ಗೋಪುರಗಳಿಗೆ ಇಟ್ಟಿಗೆ ಹೊತ್ತವರು ಅವರು. ನಮ್ಮ ಯಕ್ಷಗಾನಕ್ಕೆ, ರಾಜ್ಯೋತ್ಸವಕ್ಕೆ, ಸಾಹಿತ್ಯಗೋಷ್ಠಿಗೆ ಅವರು ಬರುವುದಿಲ್ಲ. ನಾವು ಕರೆದದ್ದೂ ಇಲ್ಲ. ಮಹಾನಗರಪಾಲಿಕೆಯ ಕನ್ನಡ ಶಾಲೆಗಳು ಮುಚ್ಚುತ್ತಿವೆಯೆಂದು ನಾವು ಗೊತ್ತುವಳಿ ಸ್ವೀಕರಿಸುತ್ತೇವೆ. ಉಳಿದಿರುವ ಕನ್ನಡ ತರಗತಿಗಳಲ್ಲಿ ನಾನು ಕಂಡ ಮಕ್ಕಳು ಬಹುಮಟ್ಟಿಗೆ ಈ ಕೂಲಿಗಳ ಮಕ್ಕಳೇ. ನಮ್ಮ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋದ ಮೇಲೆ ಈ ಊರಿನಲ್ಲಿ ಕನ್ನಡವನ್ನು ಸ್ಲೇಟಿನ ಮೇಲೆ ಉಳಿಸಿದವರು ಅವರು. ಕಟ್ಟಡದ ಕೆಲಸ ಮುಗಿದರೆ ಗುಡಾರ ಕೀಳುತ್ತದೆ, ಮಗುವಿನ ಹೆಸರು ಹಾಜರಿ ಪುಸ್ತಕದಿಂದ ಹೋಗುತ್ತದೆ.

ಇವರಿಗಾಗಿ ಕಾನೂನಿಲ್ಲವೆಂದಲ್ಲ. 1996ರಲ್ಲಿ ಕಟ್ಟಡ ಕಾರ್ಮಿಕರ ಕಾನೂನು ಬಂತು. ಕಟ್ಟಡದ ವೆಚ್ಚದ ಮೇಲೆ ಸೆಸ್ಸು ಎತ್ತಿ ಕಲ್ಯಾಣ ಮಂಡಳಿಗಳಲ್ಲಿ ಇಡುವ ವ್ಯವಸ್ಥೆಯಾಯಿತು. ಆ ವ್ಯವಸ್ಥೆ 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿಹೋಗಿದೆ. ಮಂಡಳಿ, ಸೆಸ್ಸು ಉಳಿದಿವೆ. ಮಕ್ಕಳ ವಿದ್ಯಾರ್ಥಿವೇತನ, ಹೆರಿಗೆಯ ನೆರವು, ಅಪಘಾತ ಪರಿಹಾರ ಇಂಥವೆಲ್ಲ ಅದರಿಂದ ಸಿಗಬಹುದು. ಅದಕ್ಕೆ ನೋಂದಣಿ ಬೇಕು. ನೋಂದಣಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದೇನೆಂದು ತೋರಿಸಬೇಕು. ನಾಕಾದ ಕೂಲಿಗೆ ದಿನಕ್ಕೊಬ್ಬ ಧಣಿ. ತೊಂಬತ್ತು ದಿನಕ್ಕೆ ರುಜು ಹಾಕುವವರು ಯಾರು? ಕಾಗದ ಕನ್ನಡದಲ್ಲಿಲ್ಲ, ಕಚೇರಿಯಲ್ಲಿ ಕನ್ನಡ ಬಲ್ಲವರಿಲ್ಲ. ಸೆಸ್ಸಿನ ಹಣ ಮಂಡಳಿಯಲ್ಲಿ, ಕೂಲಿ ನಾಕಾದಲ್ಲಿ. 2020ರ ಮಾರ್ಚ್‌ನಲ್ಲಿ ರೈಲು ನಿಂತಾಗ ಇವರು ಮಕ್ಕಳನ್ನು ಹೆಗಲಿಗೇರಿಸಿ ಊರ ಕಡೆಗೆ ನಡೆದದ್ದನ್ನು ನಾವೆಲ್ಲ ಬಾಲ್ಕನಿಯಿಂದ ಕಂಡವರೇ. ಅದೇ ವರ್ಷ ಕೇಂದ್ರ ಸರಕಾರ ಅಗ್ಗದ ಬಾಡಿಗೆ ವಸತಿಯ ಯೋಜನೆಯನ್ನು ಪ್ರಕಟಿಸಿತು. ಸ್ವಂತ ಮನೆಯಲ್ಲ, ಬಾಡಿಗೆಯ ಖೋಲಿ: ಬಂದಿಳಿಯುವವನಿಗೆ ಬೇಕಾದದ್ದು ಅದೇ ಎಂದು ಆಗ ಅರ್ಥವಾಯಿತು. ಅರ್ಥವಾದದ್ದು ಇಟ್ಟಿಗೆಯಾಗಿ ಎದ್ದದ್ದು ಬಹಳ ಕಡಮೆ.

ಬೆಂಗಳೂರಿನ ಬಗ್ಗೆ ಒಂದೆರಡು ಮಾತು ಹೇಳದಿದ್ದರೆ ನೀವು ಬಿಡುವುದಿಲ್ಲ. ನಿಮ್ಮಲ್ಲಿ ಅರ್ಧದಷ್ಟು ಜನರ ಮಕ್ಕಳು ಅಲ್ಲಿದ್ದಾರೆ. 2001ರಿಂದ 2011ರವರೆಗಿನ ಹತ್ತು ವರ್ಷಗಳಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65 ಲಕ್ಷದಿಂದ 96 ಲಕ್ಷಕ್ಕೇರಿತು. ಮೀಠಿಗೆ ನಾವು ಮಾಡಿದ್ದನ್ನು ಅವರು ಕೆರೆಗಳಿಗೂ ರಾಜಕಾಲುವೆಗಳಿಗೂ ಮಾಡಿದರು. 2022ರ ಸೆಪ್ಟೆಂಬರಿನಲ್ಲಿ ಐಟಿ ಕಂಪನಿಗಳ ಅಧಿಕಾರಿಗಳು ಟ್ರಾಕ್ಟರಿನಲ್ಲಿ ಕಚೇರಿಗೆ ಹೋದರು. ಬಿನ್ನಿ ಗಿರಣಿಯ ಭೂಮಿಯಲ್ಲಿ ಬಹುಮಹಡಿ ಮನೆಗಳೆದ್ದಿವೆ. ಎರಡೂ ನಗರಗಳಿಗೆ ಸಮಾನವಾದ ಇನ್ನೊಂದು ಸಂಗತಿ ನನ್ನನ್ನು ಇವೆಲ್ಲಕ್ಕಿಂತ ಹೆಚ್ಚು ಕಾಡುತ್ತದೆ. 74ನೆಯ ತಿದ್ದುಪಡಿ ಜಾರಿಗೆ ಬಂದು ಮೂವತ್ತು ವರ್ಷ ಮೀರಿದೆ. ಆದರೂ 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಪಾಲಿಕೆಯ ಅವಧಿ ಮುಗಿದ ಮೇಲೆ ಚುನಾವಣೆಯೇ ನಡೆಯದೆ ವರ್ಷಗಳು ಉರುಳಿದವು. 2025ರಲ್ಲಿ ಪಾಲಿಕೆಯನ್ನೇ ಐದಾಗಿ ಒಡೆದರು. ಮುಂಬಯಿಯಲ್ಲಿಯೂ 2022ರ ಮಾರ್ಚ್‌ನಿಂದ ಮೂರು ವರ್ಷಕ್ಕೂ ಮೀರಿ ಅಧಿಕಾರಿಯೊಬ್ಬರೇ ಇಡೀ ಪಾಲಿಕೆಯಾಗಿದ್ದರು. ಕೆಲವು ರಾಜ್ಯಗಳಿಗಿಂತ ದೊಡ್ಡ ಮುಂಗಡಪತ್ರ, ಕೇಳುವ ಸದಸ್ಯನೊಬ್ಬನೂ ಇಲ್ಲ. ನಮ್ಮ ವಾರ್ಡಿನ ಚರಂಡಿಗೆ ಯಾರ ಬಾಗಿಲು ತಟ್ಟಬೇಕೆಂದು ತಿಳಿಯದ ಆ ವರ್ಷಗಳಲ್ಲಿ ಮಧ್ಯಮವರ್ಗದ ನಮಗೆ ದೊಡ್ಡ ಬೇಸರವಾಗಲಿಲ್ಲ. ನಮಗೆ ಗೊತ್ತಿರುವ ಅಧಿಕಾರಿಗಳಿದ್ದರು. ನಾಕಾದವನಿಗೆ ಇದ್ದದ್ದು ಒಬ್ಬ ನಗರಸೇವಕ, ಅವನೂ ಇಲ್ಲವಾದ.

ಪುಣೆಯ ಬಂಧುಗಳಿಂದ ಕಲಿಯಬೇಕಾದದ್ದು ಒಂದಿದೆ. ಅಲ್ಲಿ ಕಸ ಆಯುವ ಹೆಂಗಸರು 1993ರಲ್ಲಿ ಸಂಘಟನೆ ಕಟ್ಟಿಕೊಂಡರು. ಬಳಿಕ ತಮ್ಮದೇ ಸಹಕಾರ ಸಂಘ ಮಾಡಿಕೊಂಡು, ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು, ಮನೆಮನೆಯ ಬಾಗಿಲಲ್ಲಿ ಕಸ ಸಂಗ್ರಹಿಸಿ ವಿಂಗಡಿಸುತ್ತಿದ್ದಾರೆ. ಊರು ಶುಚಿಯಾಯಿತು, ಅವರ ಕತ್ತಿನಲ್ಲಿ ಗುರುತಿನ ಚೀಟಿ ಬಂತು. ನಗರದ ಆರೋಗ್ಯ, ಬಡವರ ಮರ್ಯಾದೆ ಎರಡೂ ಒಂದೇ ಕೆಲಸದಿಂದ ದೊರೆಯಬಹುದೆನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ನನ್ನ ಸೂಚನೆ ದೊಡ್ಡದಲ್ಲ. ಸಂಘದ ಈ ಸಭಾಗೃಹ ಭಾನುವಾರ ಬೆಳಿಗ್ಗೆ ಹತ್ತರವರೆಗೆ ಖಾಲಿ ಇರುತ್ತದೆ. ನಮ್ಮಲ್ಲಿ ನಿವೃತ್ತ ಬ್ಯಾಂಕು ನೌಕರರಿದ್ದಾರೆ, ವಕೀಲರಿದ್ದಾರೆ, ಮರಾಠಿ ಬರೆಯಬಲ್ಲ ಮೇಷ್ಟರಿದ್ದಾರೆ, ಕಟ್ಟಡದ ಗುತ್ತಿಗೆದಾರರೂ ಇದ್ದಾರೆ. ಆ ತೊಂಬತ್ತು ದಿನದ ಪತ್ರಕ್ಕೆ ರುಜು ಹಾಕಬಲ್ಲವರು ಅವರೇ. ವಾರಕ್ಕೆ ಮೂರು ಗಂಟೆ ಇಲ್ಲಿ ಎರಡು ಮೇಜು ಹಾಕಿ ಕೂತರೆ, ಹತ್ತಿರದ ನಾಕಾದ ಕಾರ್ಮಿಕರ ನೋಂದಣಿ ಅರ್ಜಿಗಳನ್ನು ಅವರ ಭಾಷೆಯಲ್ಲಿ ಕೇಳಿ ತುಂಬಿಕೊಡಬಹುದು. ಊರು ಬದಲಿಸುವ ಮಕ್ಕಳಿಗೆ ಶಾಲೆಯ ವರ್ಗಾವಣೆ ಪತ್ರ ತೆಗೆಸಿಕೊಡಬಹುದು. ಕಾರ್ಯಕಾರಿ ಸಮಿತಿ ಒಪ್ಪಿದರೆ ಬರುವ ಭಾನುವಾರದಿಂದಲೇ ಆರಂಭಿಸಬಹುದೆಂದು ಕಾರ್ಯದರ್ಶಿಗಳು ತಿಳಿಸಿದ್ದಾರೆ. ಹೆಸರು ಬರೆಸುವ ಪುಸ್ತಕ ಹೊರಗಡೆ ಚಹಾದ ಮೇಜಿನ ಮೇಲಿದೆ. ಗುತ್ತಿಗೆದಾರ ಮಿತ್ರರು ಚಹಾ ಕುಡಿಯುವುದಕ್ಕೆ ಮೊದಲೇ ಅದನ್ನೊಮ್ಮೆ ನೋಡಬೇಕೆಂದು ಪ್ರಾರ್ಥನೆ.